ನಾನು ಬರೆಯದ ಮೇಲ್, ನನ್ನದೇ ಸಹಿ

ನಮ್ಮ ಮನೆಯಲ್ಲಿ ಒಬ್ಬರ ಸಹಿಯನ್ನು ಇನ್ನೊಬ್ಬರು ಹಾಕುವುದನ್ನು ಯಾರೂ ತಪ್ಪೆಂದುಕೊಂಡಿಲ್ಲ. ಸಕ್ಕರೆ ಕಾರ್ಖಾನೆಯ ವಾರ್ಷಿಕ ಸಭೆ ಬಂದರೆ ಸದಸ್ಯರಾದ ನಮ್ಮ ಭಾವ, ಅಂದರೆ ನನ್ನ ಗಂಡನ ಅಣ್ಣ, ಅಥಣಿಯ ತಮ್ಮ ಅಂಗಡಿ ಬಿಟ್ಟು ಬರುವವರಲ್ಲ. ನಾನೋ ನನ್ನ ಗಂಡನೋ ಹೋಗಿ, ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಅವರ ಸಹಿ ಹಾಕಿ, ಕೊಟ್ಟ ಲಾಡಿನ ಪೊಟ್ಟಣ ಹಿಡಿದುಕೊಂಡು ಬರುತ್ತೇವೆ. ಮದುವೆಯಾಗಿ ಕಾಗವಾಡಕ್ಕೆ ಬಂದ ಮೊದಲ ವರ್ಷವೇ ಆ ಸಹಿ ಕಲಿತೆ. ಮೊದಲಕ್ಷರದ ಬಾಲವನ್ನು ಉದ್ದಕ್ಕೆ ಎಳೆದು ತುದಿಗೆ ಎರಡು ಚುಕ್ಕಿ ಇಟ್ಟರೆ ಮುಗಿಯಿತು. ಭಾವನಿಗಿಂತ ನಾನೇ ಚೆನ್ನಾಗಿ ಹಾಕುತ್ತೇನೆ ಎಂದು ಮನೆಯಲ್ಲಿ ನಗುತ್ತಾರೆ.

ಇಂಥ ಮನೆಯಲ್ಲಿದ್ದುಕೊಂಡು, ನನ್ನ ಸಹಿ ನನ್ನದೇ ಆಗಿರಬೇಕು ಎಂದು ಹಟ ಹಿಡಿದವಳು ನಾನು.

ಹಟಕ್ಕೆ ಕಾರಣವಿತ್ತು. ಹೊಲದ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಇರುವುದು ಅಣ್ಣತಮ್ಮಂದಿರ ಹೆಸರು. ಟ್ರ್ಯಾಕ್ಟರು ಭಾವನ ಹೆಸರಿನಲ್ಲಿದೆ. ಅಡುಗೆ ಗ್ಯಾಸಿನ ಪುಸ್ತಕ ತೀರಿಹೋದ ಅತ್ತೆಯ ಹೆಸರಿನಲ್ಲಿ ಇನ್ನೂ ನಡೆದಿದೆ. ಸತ್ತವರ ಹೆಸರಿಗೂ ಸಿಲಿಂಡರ್ ಬರುತ್ತದೆ, ಬದುಕಿರುವ ನನ್ನ ಹೆಸರಿಗೆ ಕರೆಂಟ್ ಬಿಲ್ ಕೂಡ ಬರುವುದಿಲ್ಲ. ನನ್ನ ಹೆಸರೇ ನನ್ನದಲ್ಲ ಅನ್ನಿ. ಗಡಿಯ ಈ ಭಾಗದ ಕೆಲವು ಮನೆತನಗಳಲ್ಲಿ ಮದುವೆಯ ದಿನ ಮದುಮಗ ತಾಟಿನಲ್ಲಿ ಹರಡಿದ ಅಕ್ಕಿಯ ಮೇಲೆ ಉಂಗುರದಿಂದ ಹೆಂಡತಿಯ ಹೊಸ ಹೆಸರು ಬರೆಯುತ್ತಾನೆ. ನನಗೂ ಬರೆದರು. ಅಂದಿನಿಂದ ಆಧಾರ್ ಕಾರ್ಡಿನಲ್ಲಿ, ಮತದಾರರ ಪಟ್ಟಿಯಲ್ಲಿ, ನೆರೆಹೊರೆಯವರ ಬಾಯಲ್ಲಿ ಆ ಅಕ್ಕಿಯ ಹೆಸರೇ ನಿಂತಿತು. ರಾಯಬಾಗದ ತವರಿನಲ್ಲಿ ಇಟ್ಟ ಹೆಸರು, ಚಿಕ್ಕೋಡಿಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿದ ಹುಡುಗಿಯ ಹೆಸರು, ಪ್ರಮಾಣಪತ್ರಗಳ ಜೊತೆ ತಿಜೋರಿಯೊಳಗೆ ಹೋಯಿತು.

ಆ ಹೆಸರು ಮತ್ತೆ ಹೊರಗೆ ಬಂದದ್ದು ಒಂದು ಮೇಲಿಂಗ್ ಲಿಸ್ಟಿನಿಂದ. ನಾವು ಅದನ್ನು ಪಟ್ಟಿ ಅನ್ನುತ್ತೇವೆ. ದ್ರಾಕ್ಷಿ ಬೆಳೆಯುವವರು, ಬೆಳೆರೋಗ ಓದಿದ ಕೆಲವರು, ಗಡಿಯ ಈಚೆಯವರು, ಆಚೆಯವರು ಸೇರಿ ಎಲೆಗಳ ಬಗ್ಗೆ ಬರೆದುಕೊಳ್ಳುವ ಜಾಗ. ಒಬ್ಬರು ಕಳಿಸಿದ ಮೇಲ್ ಎಲ್ಲರಿಗೂ ಹೋಗುತ್ತದೆ. ಪಟ್ಟಿಗೆ ಸೇರದವರೂ ಹಳೆಯ ಮೇಲ್‌ಗಳನ್ನು ಜಾಲತಾಣದಲ್ಲಿ ತೆರೆದು ಓದಬಹುದು. ವಾಟ್ಸಾಪಿನಲ್ಲಿ ಇಂದಿನ ಮಾತು ನಾಳೆ ಸಿಗುವುದಿಲ್ಲ. ಇಲ್ಲಿ ಹಾಗಲ್ಲ, ಯಾವ ವರ್ಷ, ಚಾಟಣಿ ಮಾಡಿದ, ಅಂದರೆ ಬಳ್ಳಿ ಕತ್ತರಿಸಿದ, ಎಷ್ಟನೇ ದಿನಕ್ಕೆ, ಯಾವ ಊರಿನಲ್ಲಿ ಎಲೆಯ ಹಿಂಬದಿಗೆ ಡೌನಿ ರೋಗದ ಬಿಳಿ ಬೂಷ್ಟು ಕಂಡಿತು ಎಂದು ಹುಡುಕಿದರೆ ಸಿಗುತ್ತದೆ. ನಡೆಸುವವರು ಮಿರಜಿನಲ್ಲಿರುವ ನಿವೃತ್ತ ಪ್ರಾಧ್ಯಾಪಕರು. ಎಲ್ಲರೂ ಅವರನ್ನು ಸರ್ ಎನ್ನುತ್ತಾರೆ.

ನಾನು ಪ್ರತಿ ಸೋಮವಾರ ನಮ್ಮ ತೋಟದ ಎಲೆ ನೋಡಿ ಬರೆಯುತ್ತಿದ್ದೆ. ತವರಿನ ಹೆಸರಿನಲ್ಲಿ. ಇಬ್ಬನಿ ಎಷ್ಟು ಹೊತ್ತು ನಿಂತಿತ್ತು, ಯಾವ ಸಾಲಿನಲ್ಲಿ ಹಳದಿ ಚುಕ್ಕೆ ಬಂತು, ಹಿಂಬದಿ ಹೇಗಿದೆ, ಇಷ್ಟೇ. ಇದನ್ನು ಹೊಡೆಯಿರಿ, ಅದನ್ನು ಹೊಡೆಯಿರಿ ಎಂದು ಒಮ್ಮೆಯೂ ಬರೆದವಳಲ್ಲ. ಕಂಡದ್ದನ್ನು ಹೇಳಬೇಕು, ಔಷಧ ಅವರವರ ಹಣೆಬರಹ ಎಂಬುದು ನನ್ನ ನಿಯಮವಾಗಿತ್ತು. ಮನೆಯವರಿಗೆ ಇದು ನನ್ನ ಸಣ್ಣ ಹುಚ್ಚು. "ಸಣ್ಣ ಸೊಸಿ ಎಲಿಗೋಳ ಜಾತಕ ಬರಿಯಾಕತ್ತಾಳ" ಎಂದು ಭಾವ ಹೇಳಿದರೆ ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ.

ಒಂದು ವರ್ಷ ಯಾರೋ ನನ್ನ ವಿಳಾಸವನ್ನೇ ಹೋಲುವ ವಿಳಾಸ ಮಾಡಿಕೊಂಡು, ಕಾಗವಾಡದ ಸುತ್ತ ಡೌನಿ ಇಲ್ಲವೇ ಇಲ್ಲ ಎಂದು ಪಟ್ಟಿಗೆ ಬರೆದರು. ಆ ವಾರ ನಮ್ಮ ಎಲೆಗಳು ಬೆಳ್ಳಗಾಗಿದ್ದವು. ಪುಣ್ಯಕ್ಕೆ ಅದೇ ಸಂಜೆ ಗೊತ್ತಾಯಿತು. ಆಗ ಪಟ್ಟಿಯಲ್ಲಿ ದೊಡ್ಡ ಚರ್ಚೆ ಎದ್ದಿತು: ಎಲ್ಲರೂ ಕಾಣುವ ಇಂಥ ಜಾಗಕ್ಕೆ ಕಳಿಸುವ ಮೇಲ್‌ಗೆ ಡಿಜಿಟಲ್ ಸಹಿ ಹಾಕಬೇಕೋ ಬೇಡವೋ?

ಡಿಜಿಟಲ್ ಸಹಿ ಅಂದರೆ ಕೈಬರಹವಲ್ಲ. ನಿಮ್ಮ ಕಂಪ್ಯೂಟರಿನಲ್ಲಿ ನಿಮ್ಮದೊಂದು ಗುಪ್ತ ಕೀಲಿ ಇರುತ್ತದೆ. ನೀವು ಬರೆದ ಮೇಲ್‌ಗೆ ಅದು ಮುದ್ರೆ ಒತ್ತುತ್ತದೆ. ಓದುವವರ ಮೊಬೈಲಿನಲ್ಲಿ ಆ ಮುದ್ರೆ ಸರಿ ಇದ್ದರೆ ಹಸಿರು ಗುರುತು ಬರುತ್ತದೆ. ನಡುವೆ ಯಾರಾದರೂ ಒಂದಕ್ಷರ ಬದಲಿಸಿದರೂ ಬರುವುದಿಲ್ಲ. ನಾನು ಹಾಕಬೇಕು ಎನ್ನುವವರ ಕಡೆ. ಕಡೆಯೇನು, ಮುಂದಾಳೇ ಆಗಿಬಿಟ್ಟೆ. ಉದ್ದುದ್ದ ಬರೆದೆ. ಕೀಲಿ ಮಾಡಿಕೊಳ್ಳುವುದು ಹೇಗೆ ಎಂದು ಕನ್ನಡದಲ್ಲಿ ಹಂತಹಂತವಾಗಿ ಬರೆದು ಹಂಚಿದೆ.

ನಿಪ್ಪಾಣಿಯ ಹಿರಿಯರೊಬ್ಬರು, ಸ್ವತಃ ತಂಬಾಕು ಬೆಳೆಯುವವರು, ಮಗಳ ಮನೆಯ ದ್ರಾಕ್ಷಿಯ ಸಲುವಾಗಿ ಪಟ್ಟಿಗೆ ಸೇರಿದವರು, ಒಪ್ಪಲಿಲ್ಲ. ಅವರು ಬರೆದದ್ದು ಹೀಗೆ: "ಮಾತು ಆಡಿದರ ಹೋತು, ಮುತ್ತು ಒಡದರ ಹೋತು ಅಂತಾರ. ಆದ್ರ ಬಾಯಿಲೆ ಆಡಿದ್ದನ್ನ ಮಂದಿ ಹತ್ತ ದಿನಕ್ಕ ಮರೀತಾರ, ಅದಕ ನಾವು ಬದಕೇವಿ. ನೀವು ಮರೀದಂಗ ಮಾಡಾಕತ್ತೀರಲ್ವಾ." ನಾನು ಅವರಿಗೆ ಖಾರವಾಗಿಯೇ ಉತ್ತರ ಕೊಟ್ಟೆ. ಮರೆಯಬೇಕಾದ ಮಾತನ್ನು ಆಡುವುದೇಕೆ ಎಂದೆ.

ಸರ್ ಮಾತ್ರ ಫೋನು ಮಾಡಿ ಹೇಳಿದರು. "ಸಹಿ ಹೇಳೂದು ಇಷ್ಟ ನೋಡ್ರಿ, ಆ ಹೊತ್ತಿನ್ಯಾಗ ಆ ಕೀಲಿ ಅಲ್ಲಿತ್ತು ಅಂತ. ಹಿಡದವರ ಯಾರು ಅಂತ ಅದಕ್ಕ ಗೊತ್ತ ಇರೂದಿಲ್ಲ. ನಿಮ್ಮ ಮನ್ಯಾಗ ಕೀಲಿ ಹೆಂಗ ಇಡ್ತೀರಿ, ಅದನ್ನ ಮೊದಲ ವಿಚಾರ ಮಾಡ್ರಿ."

"ನನ್ನ ಕೀಲಿ ನನ್ನ ಹತ್ರ ಇರ್ತೈತ್ರಿ ಸರ್" ಎಂದೆ.

ಎಷ್ಟು ಜಂಬ! ತಿಜೋರಿಯ ಕೀಲಿಯನ್ನು ಬಾಗಿಲ ಹಿಂದಿನ ಮೊಳೆಗೆ ತೂಗುಹಾಕುವ ಮನೆಯವಳು ನಾನು. ಲ್ಯಾಪ್‌ಟಾಪು ಒಂದೇ, ನನ್ನ ಎಲೆಗಳಿಗೂ ಅದೇ, ಭಾವನ ಅಂಗಡಿಯ ಬಿಲ್ಲಿಗೂ ಅದೇ. ಪ್ರತಿ ಸಲ ಉದ್ದನೆಯ ಪಾಸ್‌ವರ್ಡ್ ಒತ್ತಲು ಬೇಸರವಾಗಿ, ನೆನಪಿಟ್ಟುಕೋ ಎಂದು ಕಂಪ್ಯೂಟರಿಗೇ ಹೇಳಿದ್ದೆ. ಹೊರಟ ಪ್ರತಿ ಮೇಲ್‌ಗೂ ತಾನಾಗಿ ಸಹಿ ಬೀಳಲಿ ಎಂಬಲ್ಲಿಯೂ ಗುರುತು ಹಾಕಿದ್ದೆ. ಸಾಲದ್ದಕ್ಕೆ ಪಟ್ಟಿಗೆ ಒಂದು ಘೋಷಣೆ: ನನ್ನ ಹೆಸರಿನ ಮೇಲ್‌ನಲ್ಲಿ ಹಸಿರು ಗುರುತಿದ್ದರೆ ಅದು ನಾನು, ಇಲ್ಲದಿದ್ದರೆ ನಾನಲ್ಲ, ನಂಬಬೇಡಿ. ಕೆಲವು ವರ್ಷ ಹಾಗೆಯೇ ನಡೆಯಿತು. ಸೋಮವಾರದ ಮೇಲ್ ಹೋದ ಮೇಲೆ ಆ ಹಸಿರು ಗುರುತಿನ ಪಕ್ಕ ನನ್ನ ಹೆಸರು ನೋಡುವುದು ನನಗೆ ಖುಷಿ ಕೊಡುತ್ತಿತ್ತು. ಯಾರಿಗೂ ಹೇಳಿರಲಿಲ್ಲ, ಆದರೆ ಅದು ನನ್ನ ಆಸ್ತಿ ಎಂದುಕೊಂಡಿದ್ದೆ.

ಒಂದು ಚಳಿಗಾಲ, ಗೊಂಚಲಿನಲ್ಲಿ ಕಾಯಿ ಕಟ್ಟುವ ಹೊತ್ತಿಗೆ, ತವರಿನಲ್ಲಿ ಮದುವೆಯೆಂದು ನಾಲ್ಕು ದಿನ ರಾಯಬಾಗಕ್ಕೆ ಹೋದೆ. ಬುಧವಾರ ಬೆಳಿಗ್ಗೆ ವಾಪಸು ಬಂದು ಲ್ಯಾಪ್‌ಟಾಪು ತೆರೆದರೆ ಪಟ್ಟಿಯಲ್ಲಿ ನನ್ನದೇ ಮೇಲ್.

"ನಮ್ಮ ತ್ವಾಟದಾಗ ಹೊಸ ಟಾನಿಕ್ ಹೊಡದೇವಿ. ಎಲಿ ಏಕದಮ್ ಕಪ್ಪ ಹಸರ ಆಗ್ಯಾವು. ಡೌನಿನೂ ತಡೀತೈತಿ. ಎಲ್ಲಾರೂ ಹೊಡೀರಿ. ಖಾತ್ರಿ ಐತಿ." ಟಾನಿಕ್ಕಿನ ಹೆಸರು, ಎಷ್ಟು ನೀರಿಗೆ ಎಷ್ಟು ಎಂಬ ಲೆಕ್ಕ. ಕೆಳಗೆ ನನ್ನ ತವರಿನ ಹೆಸರು. ಪಕ್ಕದಲ್ಲಿ ಹಸಿರು ಗುರುತು.

"ಖಾತ್ರಿ ಐತಿ" ಎನ್ನುವುದು ಭಾವ ಗಿರಾಕಿಗೆ ಹೇಳುವ ಮಾತು. ಬೆಳೆಗೆ ಹೊಡೆಯುವ ಔಷಧ ಮಾರುವುದೇ ಅವರ ಅಂಗಡಿ. ಆ ಟಾನಿಕ್ಕಿನ ಏಜೆನ್ಸಿ ಹಿಡಿದು ಅವರಿಗೆ ತಿಂಗಳೂ ಆಗಿರಲಿಲ್ಲ.

ತೋಟಕ್ಕೆ ಓಡಿದೆ. ರಸ್ತೆ ಕಡೆಯ ಎರಡು ಸಾಲಿಗೆ ಹೊಡೆದಿದ್ದರು. ಎಲೆಯ ಅಂಚುಗಳು ಕೆಂಡದ ಮೇಲಿಟ್ಟ ಹಪ್ಪಳದಂತೆ ಮುರುಟಿದ್ದವು. ಜೋಳದಷ್ಟು ಗಾತ್ರದ ಕಾಯಿಗಳ ಮೇಲೆ ಕಂದು ಕಲೆ. ಆ ಕಲೆ ಕಾಯಿಯೊಂದಿಗೇ ಬೆಳೆಯುತ್ತದೆ, ಹೋಗುವುದಿಲ್ಲ. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು.

ಮನೆಗೆ ಬಂದು ಮತ್ತೆ ನೋಡಿದರೆ ಉತ್ತರವೊಂದು ಬಂದಿತ್ತು. ತೆಲಸಂಗದ ರೈತನೊಬ್ಬ. ಖುಷ್ಕಿ ಭೂಮಿಯಲ್ಲಿ ಮೊದಲ ಸಲ ದ್ರಾಕ್ಷಿ ಹಚ್ಚಿದವನು, ಪ್ರತಿ ಗಿಡಕ್ಕೂ ನಂಬರು ಬರೆದ ತಗಡು ಕಟ್ಟಿ ಫೋಟೋ ಕಳಿಸಿ ನನ್ನನ್ನು ಪ್ರಶ್ನೆ ಕೇಳುತ್ತಿದ್ದವನು. "ಅಕ್ಕಾರ, ನೀವು ಒಂದ ದಿನಾನೂ ಹೊಡೀರಿ ಅಂದವರಲ್ಲ. ಈಗ ಅಂದೀರಿ ಅಂದ್ರ ಅಷ್ಟ ಗಟ್ಟಿ ಇರಬೇಕು. ಹಸರ ಗುರ್ತಾನೂ ನೋಡೇನಿ. ಶುಕ್ರವಾರ ಮುಂಜಾನೆ ಪೂರಾ ತ್ವಾಟಕ್ಕ ಹೊಡೀತೇನಿ."

ಶುಕ್ರವಾರಕ್ಕೆ ನಡುವೆ ಇದ್ದದ್ದು ಒಂದೇ ದಿನ.

ಬುಧವಾರ ಅಂಗಡಿಗೆ ರಜೆ. ಭಾವ ಮನೆಯಲ್ಲಿ ಊಟಕ್ಕೆ ಕೂತಿದ್ದರು. ನಾನು ಅಡುಗೆಮನೆಯ ಬಾಗಿಲಲ್ಲಿ ತಲೆಯ ಮೇಲೆ ಸೆರಗೆಳೆದುಕೊಂಡು ನಿಂತೆ. ಹದಿನೆಂಟು ವರ್ಷದಲ್ಲಿ ಅವರ ಮುಂದೆ ದನಿ ಎತ್ತಿದವಳಲ್ಲ.

"ಭಾವಾರ, ಆ ಮೇಲ್ ನೀವ ಕಳಸೀರೇನ್ರಿ?"

"ಹೌದವಾ. ಬಿಲ್ ಮಾಡಾಕ ಲ್ಯಾಪ್‌ಟಾಪ್ ತಗದಿದ್ದೆ, ನಿನ್ನ ಮೇಲ್ ತೆರದ ಇತ್ತು. ಬರದು ಕಳಿಸಿಬಿಟ್ಟೆ. ಯಾಕ, ಏನಾತು?"

"ನನ್ನ ಹೆಸರಲೆ ಬರದೀರಲ್ರಿ."

"ನಿನ್ನ ಹೆಸರಂದ್ರ ಮನಿ ಹೆಸರಲ್ಲೇನು? ಮಂದಿ ನಿನ್ನ ಮಾತ ಕೇಳ್ತಾರಂತ, ಮನಿಗೆ ನಾಕ ಕಾಸ ಬರಲೆಂತ ಬರದೆ. ಬ್ಯಾರೆದವರ ಹೆಸರ ಹಾಕಾಕ ಆಗ್ತೈತೇನು?"

"ಎಲಿ ಸುಟ್ಟಾವ್ರಿ."

"ಅದು ಬಿಸಲಿಗೆ. ಆಳಮನಶಾ ಮದ್ಯಾಣದಾಗ ಹೊಡದಾನ. ಔಷದದ್ದೇನ ತಪ್ಪಿಲ್ಲ."

"ಅದಕ ನನ್ನ ಸಹಿ ಬಿದ್ದೈತ್ರಿ, ಭಾವಾರ."

ಅವರು ನಕ್ಕರು. ಕುಹಕವಿರಲಿಲ್ಲ ಆ ನಗುವಿನಲ್ಲಿ, ಅದೇ ಕಷ್ಟ. "ಕಾರ್ಖಾನಿ ಸಭಾದಾಗ ನೀ ನನ್ನ ಸಹಿ ಎಷ್ಟ ವರ್ಷದಿಂದ ಹಾಕಾಕತ್ತಿ? ನಾ ಒಂದರ ದಿನ ಕೇಳೇನೇನು?" ಎಂದು ಇನ್ನೊಂದು ರೊಟ್ಟಿ ಕೇಳಿದರು. ನೀಡಿದೆ.

ಅವರು ಕದ್ದಿರಲಿಲ್ಲ. ಅವರ ಲೆಕ್ಕದಲ್ಲಿ ಮನೆಯ ಟವೆಲು ತೆಗೆದುಕೊಂಡಂತೆ ಮನೆಯ ಸಹಿ ತೆಗೆದುಕೊಂಡಿದ್ದರು. ಅವರ ಹೆಸರಿನ ಬಾಲ ಎಳೆದು ಎರಡು ಚುಕ್ಕಿ ಇಟ್ಟ ನನ್ನ ಕೈಗೆ ಬೆರಳು ತೋರಿಸುವ ಹಕ್ಕಿರಲಿಲ್ಲ.

ಗಂಡ ಹಿತ್ತಲಿಗೆ ಕರೆದು ಮೆಲ್ಲಗೆ ಹೇಳಿದ. "ಹೊರಗ ಹೇಳಬ್ಯಾಡ. ಅಣ್ಣ ಬರದಾನ ಅಂತ ಗೊತ್ತಾದ್ರ ನಾಳೆ ಮಂದಿ ಅಂಗಡಿ ಮುಂದ ಬಂದ ನಿಂದರತಾರ."

"ಮತ್ತ ಆ ತೆಲಸಂಗದಾಂವ?"

"ಅವಗ ಏನರ ಹೇಳು. ಮನಿ ಹೆಸರ ಮಾತ್ರ ತರಬ್ಯಾಡ."

ಗುರುವಾರ ಇಡೀ ದಿನ ಲ್ಯಾಪ್‌ಟಾಪಿನ ಮುಂದೆ ಕೂತೆ. "ಆ ಮೇಲ್ ನಾನು ಬರೆದದ್ದಲ್ಲ" ಎಂದು ಬರೆದೆ. ಕಳಿಸುವ ಮುನ್ನ ಹೊಳೆಯಿತು: ಇದಕ್ಕೂ ಅದೇ ಕೀಲಿಯ ಸಹಿ ಬೀಳುತ್ತದೆ. ಅದರ ಮೇಲೂ ಹಸಿರು, ಇದರ ಮೇಲೂ ಹಸಿರು. ಎರಡರಲ್ಲಿ ನಾನು ಯಾರು ಎಂದು ಓದುವವರು ಹೇಗೆ ತಿಳಿಯಬೇಕು? ತಪ್ಪಾಗಿದೆ, ಹೊಡೆಯಬೇಡಿ ಎಂದಷ್ಟೇ ಬರೆದರೆ, ಪಟ್ಟಿಗಾಗಲಿ ಅವನೊಬ್ಬನಿಗಾಗಲಿ, ಆ ಮೇಲ್ ನನ್ನದೇ ಎಂದು ಬರೆದುಕೊಟ್ಟಂತೆ. ಸಹಿ ತೆಗೆದು ಬರೆಯೋಣವೆಂದರೆ, ಹಸಿರಿಲ್ಲದ ಮೇಲ್ ನಂಬಬೇಡಿ ಎಂದು ಸಾರಿದವಳೇ ನಾನು. ನನ್ನ ಕಾಲಿನ ಮೇಲೆ ನಾನೇ ಕಲ್ಲು ಹಾಕಿಕೊಂಡಿದ್ದೆ, ಅದೂ ಹಂತಹಂತವಾಗಿ, ಕನ್ನಡದಲ್ಲಿ ವಿವರಿಸಿ.

ಉಳಿದ ದಾರಿ ಕೀಲಿಯನ್ನೇ ರದ್ದು ಮಾಡುವುದು. ಅದನ್ನು ಎಲ್ಲರೂ ಕಾಣುವಂತೆ ಸಾರಬೇಕು. ಒತ್ತಿದೆ. ರದ್ದತಿಗೆ ಕಾರಣ ಆರಿಸಿ ಎಂದು ಕೇಳಿತು. ಇನ್ನು ಮುಂದೆ ಬಳಸುವುದಿಲ್ಲ ಎಂಬುದೊಂದು ಕಾರಣ; ಅದನ್ನು ಆರಿಸಿದರೆ ಹಿಂದೆ ಹೋದ ಮೇಲ್ ನನ್ನದಾಗಿಯೇ ಉಳಿಯುತ್ತದೆ. ಕೀಲಿ ಬೇರೆಯವರ ಕೈಸೇರಿದೆ ಎಂಬುದು ಇನ್ನೊಂದು. ಅದು ನಿಜ. ಆದರೆ ಬೇರೆಯವರು ಅಂದರೆ ಯಾರು? ಲ್ಯಾಪ್‌ಟಾಪು ಇರುವುದು ಯಾರ ಮನೆಯಲ್ಲಿ, ಆ ಟಾನಿಕ್ಕು ಮಾರುವುದು ಯಾರ ಅಂಗಡಿ, ಇದನ್ನು ಜೋಡಿಸಲು ಯಾರಿಗೂ ಅರ್ಧ ಗಳಿಗೆ ಬೇಡ. ಮೇಲಾಗಿ ಇಷ್ಟು ವರ್ಷಗಳ ನನ್ನ ಒಂದೊಂದು ಸೋಮವಾರವೂ ಸಂಶಯಕ್ಕೆ ಬೀಳುತ್ತದೆ. ಅವುಗಳಲ್ಲಿ ಎಷ್ಟನ್ನು ಯಾರು ಬರೆದಿದ್ದರೋ ಎಂದು. ಬೆರಳು ಗುಂಡಿಯ ಮೇಲೆ ಇತ್ತು, ಒತ್ತಲು ಆಗಲಿಲ್ಲ.

ಸರ್‌ಗೆ ಫೋನು ಮಾಡಿದೆ. ತೆಲಸಂಗದವನ ನಂಬರು ಅವರ ಬಳಿಯೂ ಇರಲಿಲ್ಲ. ನನ್ನ ಮೇಲ್‌ನಲ್ಲಿ ತಪ್ಪಾಗಿದೆ, ಹೇಗೆ ಹಿಂತೆಗೆಯಲಿ ಎಂದೆ. ಅವರು ಕೇಳಿದರು: "ತಪ್ಪಾಗೇತೋ, ಇಲ್ಲಾ ನೀವು ಬರದ ಇಲ್ಲೋ? ಎರಡೂ ಬ್ಯಾರೆ ಬ್ಯಾರೆ ಅದಾವ. ಕೀಲಿ ಯಾರ ಹತ್ರ ಇತ್ತ್ರಿ?"

"ಸರ್, ಇಲ್ಲಿ ರೇಂಜ್ ಸರಿ ಇಲ್ರಿ" ಎಂದು ಇಟ್ಟುಬಿಟ್ಟೆ. ಇಟ್ಟ ಮೇಲೆ ನನ್ನ ಬಗ್ಗೆ ನನಗೇ ಹೇಸಿಕೆಯಾಯಿತು.

ಆಮೇಲೆ ಒಂದು ವಿಚಾರ ಬಂತು. ಬರೆದರಲ್ಲವೇ ಉಳಿಯುವುದು? ಹೋಗಿ ಬಾಯಿಂದ ಹೇಳಿದರೆ? ಅವನಿಗೊಬ್ಬನಿಗೆ ನಿಜ ಹೇಳುವುದು, ಯಾರಿಗೂ ಹೇಳಬೇಡವೆಂದು ಕೈಮುಗಿಯುವುದು. ಗಾಳಿಯಲ್ಲಿ ಹೋದ ಮಾತಿಗೆ ಸಹಿಯೂ ಇಲ್ಲ, ಸಾಕ್ಷಿಯೂ ಇಲ್ಲ. ನಿಪ್ಪಾಣಿಯ ಆ ಹಿರಿಯರಿಗೆ ಮನಸ್ಸಿನಲ್ಲೇ ಕ್ಷಮೆ ಕೇಳಿದೆ.

ಶುಕ್ರವಾರ ಮೊದಲ ಬಸ್ಸಿಗೆ ಹೊರಟೆ. ಅಥಣಿಯಲ್ಲಿ ಹಲ್ಲಿನ ಡಾಕ್ಟರಿಗೆ ತೋರಿಸಬೇಕು ಎಂದು ಮನೆಯಲ್ಲಿ ಹೇಳಿದ್ದೆ. ಕಬ್ಬಿನ ಗಾಡಿಗಳ ಹಿಂದೆ ಸಿಕ್ಕಿಕೊಂಡು ಬಸ್ಸು ತೆವಳುತ್ತಿತ್ತು. ಒಂದು ಟ್ರ್ಯಾಕ್ಟರು ದಾಟಿದರೆ ಮುಂದೆ ಇನ್ನೊಂದು. ಕಿಟಕಿಯ ಪಕ್ಕ ಕೂತು ಒಂದೇ ವಾಕ್ಯವನ್ನು ಬಾಯಿಪಾಠ ಮಾಡಿದೆ: ಅದು ನಾ ಬರದದ್ದಲ್ಲ, ನಮ್ಮ ಮನ್ಯಾಗಿನವರು ಬರದಾರ. ಅಥಣಿಯಲ್ಲಿ ಬಸ್ಸು ಬದಲಿಸುವಾಗ ಭಾವನ ಅಂಗಡಿಯ ದಿಕ್ಕಿಗೆ ಬೆನ್ನು ಮಾಡಿ ನಿಂತೆ.

ಗಿಡಗಿಡಕ್ಕೂ ನಂಬರು ಕಟ್ಟಿದವರ ತೋಟ ಯಾವುದೆಂದು ತೆಲಸಂಗದ ಚಹಾದಂಗಡಿಯಲ್ಲಿ ಕೇಳಿದ ಕೂಡಲೇ ದಾರಿ ತೋರಿಸಿದರು. ಊರಿಗೇ ಅದೊಂದು ತಮಾಷೆಯಾಗಿತ್ತೆಂದು ಕಾಣುತ್ತದೆ. ನಾನು ಮುಟ್ಟುವಷ್ಟರಲ್ಲಿ ಔಷಧ ಹೊಡೆಯುವ ಯಂತ್ರದ ಸದ್ದು ಕೇಳುತ್ತಿತ್ತು. ಬದುವಿನ ಮೇಲಿಂದಲೇ ಕೂಗಿದೆ. ಮೂವತ್ತೈದರ ಆಸುಪಾಸಿನ ಗಂಡಸು, ಮೂಗಿಗೆ ವಸ್ತ್ರ ಕಟ್ಟಿಕೊಂಡವನು, ಯಂತ್ರ ನಿಲ್ಲಿಸಿ ಬಂದ. ನಾಲ್ಕು ಸಾಲು ಮುಗಿದಿತ್ತು.

"ಹೊಡೀಬ್ಯಾಡ್ರಿ. ಆ ಟಾನಿಕ್‌ಲೇ ಎಲಿ ಸುಡತಾವು."

"ನೀವು ಯಾರ್ರಿ?"

"ಕಾಗವಾಡದಾಕಿ. ಪಟ್ಟಿಯೊಳಗ ಸೋಮವಾರಕ್ಕೊಮ್ಮೆ ಬರೀತೇನಲ್ರಿ, ಅಕಿ."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಮಾಸಿದ ಚಪ್ಪಲಿ, ಕಂಕುಳಲ್ಲಿ ವೈರಿನ ಚೀಲ, ತಲೆಯ ಮೇಲೆ ಸೆರಗು. "ಆ ಅಕ್ಕಾರು ದೊಡ್ಡ ಕಾಲೇಜಿನ್ಯಾಗ ಇರಬೇಕಂತ ತಿಳದೇನ್ರಿ ನಾ" ಎಂದ. ಆಮೇಲೆ ಅನುಮಾನದಿಂದ, "ಬ್ಯಾರೆ ಕಂಪನಿಯವರು ಹಿಂಗ ಮಂದೀನ ಕಳಸ್ತಾರ್ರಿ, ಇದನ್ನ ಹೊಡೀಬ್ಯಾಡ ನಮ್ದ ಹೊಡೀರಿ ಅಂತ. ನೀವ ಅವರಂತ ನಾ ಹೆಂಗ ನಂಬ್ಲಿ?" ಎಂದು ಮೊಬೈಲು ತೆಗೆದು ಆ ಮೇಲ್ ತೋರಿಸಿದ. "ಇದಕ ಅಕ್ಕಾರ ಸಹಿ ಐತಿ. ನಿಮ್ಮ ಹತ್ರ ಏನೈತಿ?"

ಚೀಲದಿಂದ ಆಧಾರ್ ಕಾರ್ಡು ತೆಗೆದೆ, ಕೊಡುವ ಮೊದಲೇ ನೆನಪಾಯಿತು. ಅದರಲ್ಲಿದ್ದದ್ದು ಅಕ್ಕಿಯ ಹೆಸರು. ಅವನು ಓದಿ ಮರಳಿ ಕೊಟ್ಟ. "ಇದು ಬ್ಯಾರೆದವರದಲ್ರಿ" ಎಂದ. ಅವನ ತಪ್ಪೇನಿತ್ತು? ನಾನು ಜೀವಸಹಿತ ಮುಂದೆ ನಿಂತಿದ್ದರೂ ಅವನ ಕೈಯಲ್ಲಿದ್ದ ಮೊಬೈಲಿನಲ್ಲಿ ನಾನು ಹೆಚ್ಚು ನಿಜವಾಗಿದ್ದೆ.

ವಾದ ಬಿಟ್ಟು ತೋಟದೊಳಗೆ ನಡೆದೆ. ಮೂರನೇ ಸಾಲಿನ ಹನ್ನೊಂದನೇ ಗಿಡದ ತಗಡು ಹುಡುಕಿ, ಕೆಳಗಿನ ಎಲೆಯೊಂದನ್ನು ಮಗುಚಿ ಬೆಳಕಿಗೆ ಹಿಡಿದೆ. "ಹ್ವಾದ ವಾರ ಇದರ ಫೋಟೋ ಹಾಕಿದ್ರಿ. ಎಣ್ಣಿ ಹನಿ ಬಿದ್ದಂಗ ಹಳದಿ ಚುಕ್ಕಿ ಐತಿ, ಡೌನಿ ಏನ್ರಿ ಅಂತ ಕೇಳಿದ್ರಿ. ಹಿಂದ ಬೂಷ್ಟ ಬರೂತನಕಾ ನಾ ಏನೂ ಹೇಳೂದಿಲ್ಲ ಅಂತ ಬರದಿದ್ದೆ. ನೋಡ್ರಿ, ಇನ್ನೂ ಬಂದಿಲ್ಲ."

ಅವನ ಮುಖ ಬದಲಾಯಿತು. ಮೂಗಿನ ವಸ್ತ್ರ ಬಿಚ್ಚಿದ. "ಅಕ್ಕಾರ, ತಪ್ಪ ತಿಳೀಬ್ಯಾಡ್ರಿ" ಎಂದು ಎರಡೂ ಕೈ ಜೋಡಿಸಿದ. ನನ್ನ ಹೆಸರನ್ನು ನನ್ನ ಮುಖಕ್ಕೆ ಸೇರಿಸಿ ನೋಡಿದ ಮೊದಲ ಮನುಷ್ಯ ಅವನು.

ಅವನು ಬ್ಯಾರಲಿನ ಪಕ್ಕದಿಂದ ಬಾಟಲಿ ಎತ್ತಿಕೊಂಡು ಬಂದ. ಅದರ ಮೇಲೆ ಭಾವನ ಅಂಗಡಿಯ ಚೀಟಿ ಅಂಟಿತ್ತು. "ನಿನ್ನೆ ಅಥಣಿಗೆ ಹೋಗಿ ತಂದೇನ್ರಿ. ಅಂಗಡಿಯವರು ಕಾಗವಾಡದವರ ಅಂತ. ಚಲೋ ಮನಶಾ, ನನಗ ಚಹಾನೂ ಕುಡಿಸಿದ್ರು." ಬಾಟಲಿ ತಿರುಗಿಸುತ್ತ ಕೇಳಿದ: "ಹಂಗಾದ್ರ ಅಕ್ಕಾರ, ಈ ಮೇಲ್ ನೀವ ಬರದಿದ್ದೋ, ಯಾರರ ನಿಮ್ಮ ಹೆಸರಲೆ ಬರದಾರೋ?"

ಇಷ್ಟು ದೂರ ಬಂದದ್ದೇ ಆ ಪ್ರಶ್ನೆಗಾಗಿ. ವಾಕ್ಯ ಬಾಯಿಪಾಠವಾಗಿತ್ತು. ಅವನು ಬಾಟಲಿಯ ಚೀಟಿಯ ಮೇಲೆ ಹೆಬ್ಬೆರಳು ಇಟ್ಟುಕೊಂಡು ನನ್ನನ್ನೇ ನೋಡುತ್ತಿದ್ದ. ಹಿಂದಿನ ನಾಲ್ಕು ಸಾಲಿನಿಂದ ಹನಿ ಇನ್ನೂ ತೊಟ್ಟಿಕ್ಕುತ್ತಿತ್ತು.

"ನಾನ ಬರದಿದ್ದೆ" ಎಂದೆ. "ಅವಸರ ಮಾಡಿದೆ. ತಪ್ಪಾತು."

ಯಾಕೆ ಹಾಗೆಂದೆ ಎಂದು ಇಂದಿಗೂ ನನ್ನನ್ನು ಬೈದುಕೊಳ್ಳುತ್ತೇನೆ. ಯಾರೂ ಬಾಯಿ ಮುಚ್ಚಿರಲಿಲ್ಲ, ಭಾವ ಅಲ್ಲಿರಲಿಲ್ಲ, ಗಂಡ ಅಲ್ಲಿರಲಿಲ್ಲ. ಅವರನ್ನೆಲ್ಲ ನಾನೇ ನನ್ನೊಳಗೆ ಹೊತ್ತು ತೆಲಸಂಗಕ್ಕೆ ತಂದಿದ್ದೆ.

ಅವನು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. "ಇಷ್ಟ ದೂರ ಬಂದ ಹೇಳಿದ್ರಲ್ರಿ. ಯಾರ್ ಹಿಂಗ ಮಾಡ್ತಾರ್ರಿ ಈಗಿನ ಕಾಲದಾಗ?" ಎಂದು ಕಣ್ಣೊರೆಸಿಕೊಂಡ. ಹೊಡೆದಿದ್ದ ನಾಲ್ಕೂ ಸಾಲಿಗೆ ಬರೀ ನೀರು ಹೊಡೆದು ತೊಳೆದೆವು. ಅವನ ಹೆಂಡತಿ ಒತ್ತಾಯ ಮಾಡಿ ರೊಟ್ಟಿ ತಿನ್ನಿಸಿದಳು. ನಾನು ಉಣ್ಣುವಾಗ ಅವನು ಬದುವಿನ ಮೇಲೆ ಕೂತು ಮೊಬೈಲಿನಲ್ಲಿ ಏನೋ ಒತ್ತುತ್ತಿದ್ದ. ಮನೆಯವರಿಗೆ ಯಾರಿಗೋ ಇರಬೇಕು ಎಂದುಕೊಂಡೆ.

ವಾಪಸು ಬಸ್ಸಿನಲ್ಲಿ ಮೊಬೈಲು ತೆರೆದರೆ ಪಟ್ಟಿಯಲ್ಲಿ ಅವನ ಮೇಲ್ ಇತ್ತು. ಅಕ್ಕಾರು ಸ್ವತಃ ನಮ್ಮ ತೋಟಕ್ಕೆ ಬಂದು, ಆ ಟಾನಿಕ್ಕಿನ ಮಾತು ತಮ್ಮದೇ ತಪ್ಪೆಂದು ಒಪ್ಪಿಕೊಂಡರು, ಯಾರೂ ಹೊಡೆಯಬೇಡಿ, ಇಂಥ ದೊಡ್ಡ ಮನಸ್ಸು ನೋಡಿಲ್ಲ ಎಂದು. ಗಾಳಿಯಲ್ಲಿ ಹೋಗುತ್ತದೆ ಎಂದುಕೊಂಡ ಮಾತನ್ನು ಅವನು ಊರಿಗೆಲ್ಲ ಕಾಣುವಲ್ಲಿ ಇಟ್ಟುಬಿಟ್ಟಿದ್ದ. ಕೆಳಗೆ ಹೊಗಳಿಕೆಯ ಸಾಲು. ನಿಪ್ಪಾಣಿಯ ಹಿರಿಯರೂ ಎರಡು ಸಾಲು ಬರೆದಿದ್ದರು. ಕೊನೆಗೆ ಸರ್: "ಒಬ್ಬರ ಪರವಾಗಿ ಇನ್ನೊಬ್ಬರು ಹೇಳಿದ್ದು ಸಾಲದು. ಇದು ನಿಜವಾದರೆ ಅವರೇ ಒಂದು ಸಾಲು ಬರೆಯಲಿ, ಅವರ ನಿಯಮದಂತೆ ಸಹಿಯೊಂದಿಗೆ."

ನಿಜ ಹೇಳಲು ಅವರು ನನಗೆ ಇನ್ನೊಂದು ಬಾಗಿಲು ತೆರೆದಿಟ್ಟಿದ್ದರು ಎಂದು ಈಗ ಅನ್ನಿಸುತ್ತದೆ. ಆಗ ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ.

ಮನೆ ಮುಟ್ಟಿದಾಗ ಸಂಜೆಯಾಗಿತ್ತು. ಹಲ್ಲು ಹೇಗಿದೆ ಎಂದು ಗಂಡ ಕೇಳಿದ, ಬರೇ ನೋಡಿ ಕಳಿಸಿದರು ಎಂದೆ. ಲ್ಯಾಪ್‌ಟಾಪು ತೆರೆದು ಮೊದಲು ಕೀಲಿಯ ಪಾಸ್‌ವರ್ಡ್ ಬದಲಿಸಿದೆ. ನೆನಪಿಟ್ಟುಕೊಳ್ಳಲೇ ಎಂದು ಕೇಳಿದಾಗ ಬೇಡ ಎಂದೆ. ಇನ್ನು ಈ ಮನೆಯಲ್ಲಿ ನನ್ನ ಹೊರತು ಯಾರೂ ನನ್ನ ಹೆಸರಿನ ಸಹಿ ಹಾಕುವಂತಿರಲಿಲ್ಲ. ಆಮೇಲೆ ಪಟ್ಟಿಗೆ ಬರೆದೆ: "ಹೌದು, ಆ ಮೇಲ್ ನಾನೇ ಬರೆದದ್ದು. ತಪ್ಪು ನನ್ನದು."

ಪಾಸ್‌ವರ್ಡ್ ಕೇಳಿತು. ಒಂದೊಂದೇ ಅಕ್ಷರ ಒತ್ತಿದೆ. ಕಳಿಸಿದೆ. ಭಾವನ ಸುಳ್ಳಿಗೆ ಕಂಪ್ಯೂಟರು ತಾನಾಗಿ ಸಹಿ ಹಾಕಿತ್ತು. ಇದಕ್ಕೆ ನಾನು ಕೈಯಾರೆ ಹಾಕಿದೆ. ಹೆಸರಿನ ಪಕ್ಕ ಹಸಿರು ಗುರುತು ಬಂತು.